ಪದ್ಮ ತಂದ ಸೊಪ್ಪು

ಭಾನುವಾರ, ಜನವರಿ ಹದಿನೆಂಟು. ಸಂಜೆ ಐದೂ ಹತ್ತಕ್ಕೆ ಬರೆಯಲು ಕೂತೆ.

ಪಕ್ಕದ ಮನೆಯವರು ಗುಲಾಬಿ ಗಿಡಗಳಿಗೆ ಔಷಧಿ ಹೊಡೆಯುತ್ತಿದ್ದರು. ಆ ಘಾಟು ಕಿಟಕಿಯಿಂದ ಒಳಬಂದದ್ದೇ ಪಾವಗಡ ತಾಲ್ಲೂಕಿನ ನಮ್ಮೂರ ಶಾಲೆಯ ಅಡುಗೆಮನೆ ಕಣ್ಣೆದುರು ನಿಂತಿತು: ಮಸಿ ಹಿಡಿದ ಗೋಡೆ, ಬೇಯುವ ಹುರುಳಿಯ ಉಗಿ, ಸೆರಗಿನಿಂದ ಮುಖ ಒರೆಸಿಕೊಳ್ಳುವ ದೊಡ್ಡಮ್ಮ. ಅಮ್ಮ ಇಲ್ಲದ ನನ್ನನ್ನು ಸಾಕಿದವಳು, ಶಾಲೆಗೆ ಅಡುಗೆ ಮಾಡುತ್ತಿದ್ದವಳು ಅವಳೇ. ವರ್ಷಗಟ್ಟಲೆ ಒಲೆಯ ಹೊಗೆ ಕುಡಿದು ಅವಳಿಗೆ ವಾಸನೆ ತಿಳಿಯುತ್ತಿರಲಿಲ್ಲ. ತರಕಾರಿ ಕೊಳೆತಿದೆಯೇ, ಸಾರು ಹಳಸಿದೆಯೇ ಎಂದು ನನ್ನನ್ನೇ ಕೇಳುತ್ತಿದ್ದಳು.

ಪ್ರತಿ ಗುರುವಾರ ಮಕ್ಕಳು ತಮ್ಮ ಹೊಲದಲ್ಲಿ ಬೆಳೆದದ್ದನ್ನು ಸಾರಿಗೆ ತರುವುದು ನಮ್ಮ ಶಾಲೆಯ ರೂಢಿ. ಒಬ್ಬರು ಹಿಡಿ ಅವರೆ, ಇನ್ನೊಬ್ಬರು ಎರಡು ಬದನೆ. ಏಳನೇ ತರಗತಿಯ ನಾನು ಒಂದು ಪುಸ್ತಕದಲ್ಲಿ ಅವರವರ ಹೆಸರಿನ ಮುಂದೆ ಅದನ್ನು ಬರೆಯುತ್ತಿದ್ದೆ. ತರದವರಿಗೆ ಸೊನ್ನೆ. ಕೂಲಿಯವರ ಮಗಳು ಪದ್ಮಳಿಗೆ ಹೊಲವೇ ಇರಲಿಲ್ಲ. ಅವಳ ಮುಂದೆ ಬರೀ ಸೊನ್ನೆಗಳ ಸಾಲು.

"ಇವತ್ತೂ ಸೊನ್ನೆನೇನೇ? ಉಣ್ಣಾಕೆ ಮಾತ್ರ ಮೊದ್ಲು ಕೂರ್ತೀಯ," ಎಂದು ಅಣಕಿಸಿದ್ದೆ.

"ಬುಡೇ ಅಮ್ಮಾಯಿ. ತಟ್ಟೆ ಮುಂದೆ ಏನ್ ಲೆಕ್ಕ," ಎಂದಿದ್ದಳು ದೊಡ್ಡಮ್ಮ.

ಮುಂದಿನ ಗುರುವಾರ ಪದ್ಮ ಹೊಲಗಳಲ್ಲಿ ತಾನಾಗಿ ಹುಟ್ಟುವ ಬೆರಕೆ ಸೊಪ್ಪನ್ನು ಲಂಗದ ತುಂಬ ತಂದಳು. "ಯಾರ್ದೋ ಟೊಮೆಟೊ ಸಾಲ್ನಾಗೆ ಕಿತ್ತೆ ಕಣಕ್ಕ. ಈಗ ಬರ್ಕ," ಎಂದು ನಕ್ಕಳು. ಸೊಪ್ಪಿಗೆ ಔಷಧಿಯ ಘಾಟಿತ್ತು. ಆದರೆ ಅವತ್ತು ಮೊದಲ ಬಾರಿಗೆ ನನ್ನ ಪಟ್ಟಿಯಲ್ಲಿ ಒಂದೂ ಸೊನ್ನೆ ಇರಲಿಲ್ಲ. ಬರೆದುಕೊಂಡು, ಉಳಿದವರ ಸೊಪ್ಪಿನ ಜೊತೆ ಬುಟ್ಟಿಗೆ ಸುರಿದೆ.

"ನೋಡು, ಸರ್ಯಾಗೈತಾ?" ದೊಡ್ಡಮ್ಮ ಕೇಳಿದಳು.

"ಹೂಂ," ಎಂದೆ.

ಊಟವಾದ ಗಂಟೆಯೊಳಗೆ ಮಕ್ಕಳು ವಾಂತಿ ಮಾಡತೊಡಗಿದರು. ಆಸ್ಪತ್ರೆಯಿಂದ ಎಲ್ಲರೂ ಮನೆಗೆ ಮರಳಿದರು, ಪದ್ಮ ಎಲ್ಲರಿಗಿಂತ ಕೊನೆಗೆ. ಸೊಪ್ಪು ತೊಳೆಯದೆ ಹಾಕಿದಳೆಂದು ಊರು ದೊಡ್ಡಮ್ಮನನ್ನು ದೂರಿತು. ಅಧಿಕಾರಿಗಳ ವಿಚಾರಣೆಯ ಹಿಂದಿನ ಸಂಜೆ ಅವಳು ನನ್ನಿಂದ ಪುಸ್ತಕ ಓದಿಸಿದಳು. ಪದ್ಮ, ಬೆರಕೆ ಸೊಪ್ಪು ಎಂದಾಗ ತಡೆದಳು. ಹೊಲವಿಲ್ಲದವಳು ಎಲ್ಲಿಂದ ತಂದಿರಬಹುದೆಂದು ಅವಳಿಗೆ ಹೊಳೆದಿತ್ತು.

"ಆ ಹಾಳೆ ಹರ್ದು ಒಲೆಗಾಕು. ನಂಗೆ ವಯಸ್ಸಾತು. ಆ ಮಗೀಗೆ ಇದು ಸಾಯಾಗಂಟ ಅಂಟ್ಕಬಾರ್ದು."

ಹಾಕಿದೆ. ನಾನು "ಹೂಂ" ಎಂದಿದ್ದನ್ನು ಅವಳು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅವಳ ಕೆಲಸ ಹೋಯಿತು. ಆಮೇಲೆ ಮದುವೆ ಮನೆಗಳಿಗೂ ಅವಳನ್ನು ಯಾರೂ ಅಡುಗೆಗೆ ಕರೆಯಲಿಲ್ಲ. ಈಗ ಅವಳಿಲ್ಲ. ನಾವಿಬ್ಬರೇ ಇದ್ದ ಮನೆಯ ಜಾಗದಲ್ಲಿ ಜಾಲಿ ಬೆಳೆದಿದೆ.

ಪದ್ಮಳ ಮನೆಯವರು ಆ ಬೇಸಿಗೆಯಲ್ಲೇ ಕೂಲಿ ಹುಡುಕಿಕೊಂಡು ಆಂಧ್ರದ ಕಡೆ ಹೋದರು. ಅವರ ಸುದ್ದಿ ಬಲ್ಲವರು ದಯವಿಟ್ಟು ಬರೆಯಿರಿ. ತನ್ನ ಸೊಪ್ಪಿನಿಂದಲೇ ಹೀಗಾಯಿತೆಂದು ಅವಳು ಇಷ್ಟು ವರ್ಷ ಕೊರಗಿದ್ದರೆ, ಒಂದು ಮಾತು ಮುಟ್ಟಿಸಬೇಕು: ದೊಡ್ಡಮ್ಮ ಕೇಳಿದ್ದಳು, ಸರಿಯಾಗಿದೆ ಎಂದವಳು ನಾನು.