ಕಪ್ಪತಗುಡ್ಡದ ಈಚೆ ಹೊಳ್ಳಿದ ಗಾಳಿ

ಭಾನುವಾರ ಬೆಳಿಗ್ಗೆ ಏಳಕ್ಕೆ ಗದಗದಲ್ಲಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಕಿಟಕಿಯ ಸೀಟೂ ಸಿಕ್ಕಿತು. ಆದರೂ ಮನಸ್ಸು ಹಗುರಾಗಿರಲಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಬೆಟ್ಟ ದಾಟಿದ ಗಾಳಿ ಅಲೆಯಾಗಿ ಆಕಾಶಕ್ಕೇರುತ್ತದೆ ಎಂದು ಪಾಠ ಹೇಳುವಾಗ ಕಪ್ಪತಗುಡ್ಡದ ಬುಡದ ಡೋಣಿ ಊರಿನ ಸಾವಿತ್ರಿ ಎದ್ದು, "ನಮ್ಮ ಗುಡ್ಡಾನೂ ಅಲಿ ಎಬ್ಬಸ್ತೈತೇನ್ರಿ ಮೇಡಂ?" ಎಂದು ಕೇಳಿದ್ದಳು. "ಅದೇನ್ ಹಿಮಾಲಯ ಏನವಾ?" ಎಂದುಬಿಟ್ಟೆ. ಕ್ಲಾಸೆಲ್ಲ ನಕ್ಕಿತು. ಆಮೇಲೆ ಹದಿನೈದು ದಿನ ಅವಳು ಒಂದೂ ಪ್ರಶ್ನೆ ಕೇಳಲಿಲ್ಲ. ಕೇಳುವವಳ ಬಾಯಿ ನಾನೇ ಮುಚ್ಚಿಸಿದೆನಲ್ಲ ಎಂಬ ಸಂಕಟಕ್ಕೆ ಆ ಗುಡ್ಡವನ್ನೇ ನೋಡಲು ಹೊರಟಿದ್ದೆ.

ಡಂಬಳದಲ್ಲಿ ಗಿರ್ಮಿಟ್ ತಿಂದು, ಟಂಟಂ ಹಿಡಿದು ಡೋಣಿ ಸೇರಿದಾಗ ಹತ್ತು ಗಂಟೆ. ಊರಲ್ಲಿ ಪಡುವಣ ಗಾಳಿ ಜೋರಾಗಿತ್ತು. ಗುಡ್ಡದ ಬುಡದ ಕಣದಲ್ಲಿ ಸಾವಿತ್ರಿ, ಅವಳ ತಾಯಿ ಗಂಗವ್ವ ಹೆಸರುಕಾಳಿನ ರಾಶಿ ಮುಂದೆ ನಿಂತಿದ್ದರು. "ಬರ್ರಿ ಮೇಡಂ," ಎಂದಳು ಸಾವಿತ್ರಿ, ಅಷ್ಟೇ.

ನಾನೂ ತೂರುತ್ತೇನೆಂದು ಮೊರ ಎತ್ತಿಕೊಂಡು ಪಡುವಣಕ್ಕೆ ಬೆನ್ನು ಮಾಡಿ ನಿಂತೆ.

"ಅಲ್ಲಿ ನಿಂದರಬ್ಯಾಡ್ರಿ, ಗುಡ್ಡದ ಈಚಿ ಮೋಡ ನಿಂತೈತಿ," ಎಂದಳು ಗಂಗವ್ವ.

"ಗಾಳಿ ಪಡುವಣದ್ದಲ್ಲೇನ್ರಿ?" ಎಂದು ತೂರಿಯೇಬಿಟ್ಟೆ. ಹೊಟ್ಟು ಪೂರಾ ತಿರುಗಿ ನನ್ನ ಮುಖಕ್ಕೇ ಬಡಿಯಿತು. ಗಂಗವ್ವ ನಗುನಗುತ್ತ ಕುಳಿತೇಬಿಟ್ಟಳು. "ಆ ಮೋಡ ನಿಂತ ದಿನ ಇಲ್ಲಿ ಗಾಳಿ ಹೊಳ್ಳಿ ಹಿಂದಕ್ಕ ಬರತೈತ್ರಿ. ನಮ್ಮತ್ತಿ ಕಾಲದಿಂದ್ಲೂ ರಾಶಿ ಆ ಕಣಕ್ಕ ಒಯ್ದು ತೂರ್ತೀವಿ," ಎಂದು ಮೂಡಣದ ಇನ್ನೊಂದು ಕಣ ತೋರಿಸಿದಳು.

ಕಣ್ಣೊರೆಸಿಕೊಂಡು ನೋಡಿದೆ. ಅಷ್ಟು ಗಾಳಿಯಲ್ಲೂ ಉದ್ದನೆಯ ಮೋಡವೊಂದು ಕದಲದೆ ನಿಂತಿತ್ತು. ಗುಡ್ಡ ಇಳಿದ ಗಾಳಿ ಮತ್ತೆ ಅಲೆಯಾಗಿ ಏಳುತ್ತದೆ. ಅಲೆಯ ನೆತ್ತಿಯಲ್ಲಿ ಮೋಡ, ಬುಡದಲ್ಲಿ ಗುಡ್ಡದತ್ತಲೇ ಹಿಂತಿರುಗುವ ಸುರುಳಿ. ಮೇಲೇರಿದಷ್ಟೂ ಗಾಳಿ ತೆಳುವಾಗಿ ಅಲೆ ಜೋರಾಗುತ್ತದೆ, ಬಾರುಕೋಲಿನ ತುದಿಯ ಹಾಗೆ. ದೊಡ್ಡ ಪರ್ವತಗಳ ಅಲೆ ಹತ್ತಾರು ಕಿಲೋಮೀಟರ್ ಎತ್ತರದಲ್ಲಿ ಮುರಿದು ಅಲ್ಲಿನ ಗಾಳಿಯ ಓಟವನ್ನೇ ತಡೆಯುತ್ತದೆ. ಈ ಗುಡ್ಡದ್ದು ಅಷ್ಟು ದೂರ ಹೋಗಲಿಕ್ಕಿಲ್ಲ. ಮಳೆಗಾಲದಲ್ಲಿ ಕೆಳಗೆ ಪಡುವಣ ಗಾಳಿ, ಮೇಲೆ ಮೂಡಣ ಗಾಳಿ; ದಿಕ್ಕು ಬದಲಾಗುವ ನಡುವೆಯೇ ಅಲೆ ಮುರಿದೀತು. ಆದರೆ ಏಳುವುದಂತೂ ನಿಜ.

"ನಿಂದ ಖರೆ ಆತವಾ. ತಪ್ಪು ನಂದು," ಎಂದೆ.

ಸಾವಿತ್ರಿ ನನ್ನ ಕೂದಲಿನ ಹೊಟ್ಟು ಆರಿಸುತ್ತ, "ಕ್ಲಾಸಿನ್ಯಾಗೂ ಹೇಳ್ತೀರೇನ್ರಿ?" ಎಂದಳು.

"ಹೇಳ್ತೀನಿ."

"ಹೊಟ್ಟು ಮಾರಿಗೆ ಬಡದಿದ್ದೂ?"

ಸಂಜೆ ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದಾಗಲೂ ಮೋಡ ಅಲ್ಲೇ ಇತ್ತು. ಸೋಮವಾರ ಎರಡನ್ನೂ ಹೇಳಿದೆ. ಕ್ಲಾಸು ಮತ್ತೆ ನಕ್ಕಿತು. ನಗು ನಿಂತ ಮೇಲೆ ಸಾವಿತ್ರಿ ಎದ್ದಳು. "ಮತ್ತ ಚಳಿಗಾಲದಾಗ ಮೂಡಗಾಳಿ ಬೀಸಿದಾಗ ಅಲಿ ಎಷ್ಟ್ ಎತ್ತರ ಹೋಗ್ತೈತ್ರಿ ಮೇಡಂ?"

ನನಗೆ ಗೊತ್ತಿರಲಿಲ್ಲ. ಈ ಸಲ ಹಾಗೆಂದೇ ಹೇಳಿದೆ.