ಲಕ್ಷ್ಮೀದೇವಿಯ ಪಾಲಿನ ಬಿಸಿಲು

ಚಳ್ಳಕೆರೆಗೆ ದುಡ್ಡು ಕೊಟ್ಟು ಬಿಸಿಲು ತರಿಸಿದ ಮೊದಲ ಮನುಷ್ಯ ನಮ್ಮ ಪಕ್ಕದ ಮನೆಯ ಎಣ್ಣೆ ವ್ಯಾಪಾರಿ ಓಂಕಾರಮೂರ್ತಿ. ಆದರೆ ನಾನು ಹೇಳಹೊರಟಿರುವುದು ಅವನ ಹೆಂಡತಿ ಲಕ್ಷ್ಮೀದೇವಿಯ ಕತೆ. ಅವನ ಕತೆಯನ್ನು ಅವನೇ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಲಕ್ಷ್ಮೀದೇವಿ ರಾಂಪುರದವಳು, ಅಪ್ಪನ ಹೊಲದಲ್ಲಿ ಶೇಂಗಾ ಕಿತ್ತು ಬೆಳೆದವಳು. ಮದುವೆಯಾಗಿ ಬಂದ ದಿನವೇ ಅತ್ತೆ ವೀರಮ್ಮ, ಸಾಹುಕಾರರ ಮನೆಯ ಸೊಸೆ ಮಾಳಿಗೆ ಮೇಲೆ ನಿಂತು ಬೀದಿಗೆ ಕಾಣಿಸಿಕೊಳ್ಳಬಾರದು ಎಂದರು. ಸಂಡಿಗೆ ಒಣಗಿಸಲು ಕೆಲಸದ ರಂಗಕ್ಕ ಮೇಲೆ ಹೋಗುತ್ತಿದ್ದಳು. ಸಂಡಿಗೆ ಕಂಡಷ್ಟು ಬಿಸಿಲನ್ನು ಸೊಸೆ ಹದಿನಾರು ವರ್ಷ ಕಾಣಲಿಲ್ಲ. ಸೊಂಟ ಹಿಡಿಯಿತು, ನಾಲ್ಕು ಹೆಜ್ಜೆ ನಡೆದರೆ ತೊಡೆ ನೋವು. ಡಾಕ್ಟರು ಕ್ಯಾಲ್ಸಿಯಂ ಮಾತ್ರೆ ಬರೆದು, ದಿನಾ ಬಿಸಿಲಿಗೆ ನಿಲ್ಲಲು ಹೇಳಿದರು. ಆ ಚೀಟಿ ಓಂಕಾರಮೂರ್ತಿಯ ಅಂಗಿ ಜೇಬಿನಲ್ಲೇ ಕೂತು, ಅಗಸರ ಮನೆಗೆ ಹೋಗಿ ಇಸ್ತ್ರಿಯಾಗಿ ವಾಪಸ್ಸು ಬಂತು. ಬಿಸಿಲಿನ ಮಾತನ್ನು ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಓಂಕಾರಮೂರ್ತಿ ಬೆಂಗಳೂರಿನ ಗೆಳೆಯನಿಂದ ಆಸ್ಟ್ರೇಲಿಯಾದ ಓತಿಕ್ಯಾತವೊಂದನ್ನು ತಂದ. ಗಂಟಲ ಕೆಳಗೆ ಮುಳ್ಳುಮುಳ್ಳು ಗಡ್ಡ. ಬೇಲಿಯ ಓತಿಗೆ ಕಲ್ಲು ಹೊಡೆಯುವ ಊರಿನಲ್ಲಿ ಇದಕ್ಕೆ ಗಾಜಿನ ಮನೆ, ಮೇಲೊಂದು ಟ್ಯೂಬ್‌ಲೈಟು. ಲಿಂಗ ಕಟ್ಟಿದವರ ಮನೆ ಎಂದು ಅದಕ್ಕೂ ಹುಳ ನಿಷಿದ್ಧ. ಕ್ಯಾರೆಟ್ಟು, ಕೊತ್ತಂಬರಿಯೇ ಗತಿ. ನಾಲ್ಕು ತಿಂಗಳಲ್ಲಿ ಅದರ ಕಾಲು ನಡುಗಿದವು, ದವಡೆ ಮೆತ್ತಗಾಯಿತು. ಓಂಕಾರಮೂರ್ತಿ ಎರಡು ಹೊತ್ತು ಊಟ ಬಿಟ್ಟ.

ಕುರಿ, ದನ ನೋಡುವ ಡಾಕ್ಟರು ಮಾರುತೇಶ್ ಮನೆಗೇ ಬಂದರು. ಬೆಂಗಳೂರಿಗೆ ಫೋನು ಮಾಡಿ ವಿಚಾರಿಸಿ ಹೇಳಿದರು: ಬಿಸಿಲಿನಲ್ಲಿ ಯುವಿಬಿ ಎಂಬ ಕಣ್ಣಿಗೆ ಕಾಣದ ಕಿರಣವಿದೆ, ಅದು ಗಾಜು ದಾಟುವುದಿಲ್ಲ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೂಳೆಗೆ ಹತ್ತುವುದಿಲ್ಲ. ಹುಳಕ್ಕೆ ಕ್ಯಾಲ್ಸಿಯಂ ಪುಡಿ ಸವರಿ ತಿನ್ನಿಸಬೇಕು. ಕಿರಣಕ್ಕೆಂದೇ ಒಂದು ಬಲ್ಬು ಬರುತ್ತದೆ. ಆರು ತಿಂಗಳಾದ ಮೇಲೆ ಅದು ಉರಿಯುತ್ತಿದ್ದರೂ ಕಿರಣ ಸತ್ತಿರುತ್ತದೆ.

"ಮನುಷ್ಯರಿಗೂ ಹಂಗೇನ್ರೀ?" ಬಾಗಿಲ ಹಿಂದಿನಿಂದ ಲಕ್ಷ್ಮೀದೇವಿ ಕೇಳಿದಳು.

"ಹಂಗೇ ಕಣಮ್ಮ. ಬಿಸಿಲಿಲ್ದಿದ್ರೆ ಯಾರ ಮೂಳೆನೂ ನಿಲ್ಲಲ್ಲ."

ಓಂಕಾರಮೂರ್ತಿಗೆ ಅದು ಕೇಳಿಸಲಿಲ್ಲ, ಆಗಲೇ ಬಲ್ಬಿಗೆ ಫೋನು ಹಚ್ಚಿದ್ದ. ಬಲ್ಬು, ಪುಡಿ ಮೂರನೇ ದಿನ ಬೆಂಗಳೂರಿನಿಂದ ಬಂದವು. ಹೆಂಡತಿಯ ಮಾತ್ರೆ ನಾಲ್ಕು ಅಂಗಡಿ ಆಚೆಯಿಂದ ಎರಡು ವರ್ಷವಾದರೂ ಬಂದಿರಲಿಲ್ಲ. ಹಿತ್ತಿಲಲ್ಲಿ ತಿಂದರೆ ದೋಷವಿಲ್ಲ ಎಂದು ವೀರಮ್ಮ ಹುಳದ ವಿಷಯಕ್ಕೂ ಒಪ್ಪಿದರು. ರಂಗಕ್ಕ ಮಿಡತೆ ಹಿಡಿದು ತಂದಳು.

ಬೇಸಿಗೆ ಬಂತು, ಹಗಲು ಕರೆಂಟಿಲ್ಲ. ಒಂದು ಬೆಳಿಗ್ಗೆ ಲಕ್ಷ್ಮೀದೇವಿ ಓತಿಯನ್ನು ಸೆರಗಿನಲ್ಲಿ ಹಿಡಿದು, ಗೋಡೆ ಹಿಡಿದುಕೊಂಡು ಮಾಳಿಗೆ ಹತ್ತಿದಳು. ಅತ್ತೆ ಕೆಳಗಿನಿಂದ ಕೂಗಿದರು. ಗಂಡನೇ ತಡೆದ: "ಹೋಗ್ಲಿ ಬಿಡವ್ವ. ಬಿಸಿಲಿಲ್ದೆ ಅದು ಸತ್ತುಗಿತ್ತೀತು."

ನಮ್ಮ ಮಾಳಿಗೆಯಲ್ಲಿ ನಿಂತಿದ್ದ ನನಗೆ ಆ 'ಅದು' ಕೇಳಿ ಸಿಟ್ಟು ಬಂತು. ಅವಳು ಮಾತ್ರ ಮುಖ ಎತ್ತಿ ಕಣ್ಣು ಮುಚ್ಚಿ ಕೂತಿದ್ದಳು.

ಅಂದಿನಿಂದ ದಿನಾ ಅರ್ಧ ಗಂಟೆ. ಮಾತ್ರೆಯನ್ನು ರಂಗಕ್ಕನ ಕೈಲಿ ತಾನೇ ತರಿಸಿಕೊಂಡಳು. ದೀಪಾವಳಿ ಹೊತ್ತಿಗೆ ಓತಿ ಗಾಜಿನ ಮನೆಯೊಳಗಿನ ಕೊಂಬೆ ಹತ್ತತೊಡಗಿತು, ಇವಳು ಗೋಡೆ ಹಿಡಿಯದೆ ಮೆಟ್ಟಿಲು ಹತ್ತತೊಡಗಿದಳು. ಮೊದಲನೆಯದನ್ನಷ್ಟೇ ಕಂಡ ಓಂಕಾರಮೂರ್ತಿ ಇನ್ವರ್ಟರ್ ಹಾಕಿಸಿ, ಇನ್ನು ಬಲ್ಬು ಆರುವುದಿಲ್ಲ, ನೀನು ಮೇಲೆ ಹೋಗುವುದು ಬೇಡ ಎಂದ.

ಲಕ್ಷ್ಮೀದೇವಿ ಬಲ್ಬನ್ನು ನೋಡಿದಳು. "ಆರು ತಿಂಗ್ಳಾತಲ್ರೀ. ಕಿರಣ ಸತ್ತೈತೆ."

ಹೊಸದು ತಂದ. ಹದಿನೈದು ದಿನಕ್ಕೆ, ಇದೂ ಸತ್ತಿದೆ ಎಂದಳು. ಅವನು ಕನ್ನಡಕ ಹಾಕಿಕೊಂಡು ಬಲ್ಬನ್ನು ಸುತ್ತಲೂ ಬಗ್ಗಿ ನೋಡಿದ. ಹದಿನಾರು ವರ್ಷ ಹೆಂಡತಿಯ ನೋವು ಕಾಣದವನಿಗೆ ಕಿರಣ ಎಲ್ಲಿಂದ ಕಾಣಬೇಕು?

"ಸರಿ, ಮಾಳಿಗೆಗೇ ಕರ್ಕೊಂಡೋಗು," ಎಂದ.

ಅವಳು ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದಳು. ಓತಿಯನ್ನು ಕೆಳಗೇ ಮರೆತಿದ್ದಳು.