ಮೂಲೆಯ ಕುರ್ಚಿಯಲ್ಲಿ ಚಿಕ್ಕಮ್ಮ

ಭೌತಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ, ಮೂಲೆಯ ಮರದ ಕುರ್ಚಿಯ ಮೇಲೆ ಚಿಕ್ಕಮ್ಮ ಕೈಕಟ್ಟಿ ಕೂತಿರುತ್ತಿದ್ದಳು. ಕೊರಳಲ್ಲಿ ವಿಶ್ವವಿದ್ಯಾಲಯದ ಗುರುತಿನ ಚೀಟಿ. ಹುದ್ದೆ ಎಂಬಲ್ಲಿ ‘ಉಪಕರಣ’ ಎಂದಿತ್ತು.

ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು ಅವಳ ಅಕ್ಕನ ಮಗಳು. ಎರಡು ವಸ್ತುಗಳು ಒಂದನ್ನೊಂದು ಎಷ್ಟು ಮೆಲ್ಲಗೆ ಸೆಳೆಯುತ್ತವೆ ಎಂದು ಅಳೆಯುವುದು ಅವಳ ಸಂಶೋಧನೆ. ಕೂದಲಿಗಿಂತ ತೆಳುವಾದ ತಂತಿಯಲ್ಲಿ ಒಂದು ಅಡ್ಡಕಡ್ಡಿ ತೂಗುತ್ತಿತ್ತು. ಅದಕ್ಕಂಟಿಸಿದ ಪುಟ್ಟ ಕನ್ನಡಿಯಿಂದ ಬೆಳಕಿನ ಚುಕ್ಕೆಯೊಂದು ಎದುರು ಗೋಡೆಯ ಅಳತೆಪಟ್ಟಿಯ ಮೇಲೆ ಬೀಳುತ್ತಿತ್ತು. ಹತ್ತಿರಕ್ಕೆ ಭಾರವಾದದ್ದೇನಾದರೂ ಬಂದರೆ ಕಡ್ಡಿ ಎಳ್ಳಷ್ಟು ತಿರುಗಿ ಚುಕ್ಕೆ ಸರಿಯುತ್ತಿತ್ತು.

ಮೇಲಿನ ಕಾರ್ಯಾಗಾರದ ಯಂತ್ರಗಳು ನಿಂತು ನೆಲ ಅಲುಗದಿರುತ್ತಿದ್ದದ್ದು ಊಟದ ಹೊತ್ತಿನಲ್ಲಿ ಮಾತ್ರ. ಊಟದ ಡಬ್ಬಿ ತರುತ್ತಿದ್ದ ಚಿಕ್ಕಮ್ಮ, ಅದು ಖಾಲಿಯಾಗುವವರೆಗೆ ಮೂಲೆಯಲ್ಲಿ ಕೂತು ಕಾಯುತ್ತಿದ್ದಳು. ಹೀಗಾಗಿ ಸೊನ್ನೆಯ ಗುರುತು ಹಾಕಿದ್ದೂ ಅವಳ ಎದುರಿಗೇ, ಅಳತೆ ತೆಗೆದದ್ದೂ ಅವಳ ಎದುರಿಗೇ. ಅವಳು ಜ್ವರ ಬಂದು ಬಾರದಿದ್ದ ದಿನ ಚುಕ್ಕೆ ಸರಿದು ನಿಂತಾಗಲೇ, ಅಳತೆಗಳಲ್ಲೆಲ್ಲ ಅವಳ ಭಾರವೂ ಸೇರಿಕೊಂಡಿದೆ ಎಂಬ ವಿಷಯ ಬಯಲಾದದ್ದು.

“ಮತ್ತೆ ಮೊದಲಿಂದ ಶುರು ಮಾಡಿದ್ರೆ ನಿನ್ನ ಅವಧಿ ಮುಗಿದುಹೋಗುತ್ತೆ,” ಎಂದರು ಗೈಡ್. “ಅವರು ಹಾಗೇ ಕೂತಿರಲಿ. ಆದ್ರೆ ಸಣ್ಣ ಆಗಬಾರದು.”

“ನನ್ನ ಜನ್ಮದಲ್ಲಿ ಈ ಮಾತು ಕೇಳ್ತೀನಿ ಅಂದ್ಕೊಂಡಿರಲಿಲ್ಲ,” ಎಂದಳು ಚಿಕ್ಕಮ್ಮ.

ಉಗ್ರಾಣದವನು ವರ್ಷದ ತಪಾಸಣೆಗೆ ಬಂದಾಗ ಅವಳ ತೋಳಿಗೂ ಸಂಖ್ಯೆಯ ಚೀಟಿ ಅಂಟಿಸಿ, ‘ಸುಸ್ಥಿತಿಯಲ್ಲಿದೆ’ ಎಂದು ಬರೆದುಕೊಂಡ.

“ಮಂಡಿ ನೋವಿದೆ, ಅದನ್ನೂ ಬರ್ಕೊಳಪ್ಪ.”

“ಬಿಡಿಭಾಗಕ್ಕೆ ಬೇರೆ ಅರ್ಜಿ ಕೊಡ್ಬೇಕಮ್ಮ.”

ಪ್ರಬಂಧ ಮುಗಿಯುತ್ತ ಬಂತು. ಹೊರಗಿನ ಪರೀಕ್ಷಕಿ ಬಂದು ಉಪಕರಣವನ್ನು ಕಣ್ಣಾರೆ ನೋಡಿ ಒಪ್ಪಬೇಕಿತ್ತು. ಒಪ್ಪದಿದ್ದರೆ ಪದವಿಯಿಲ್ಲ. ಅದೇ ವಾರ ಚಿಕ್ಕಮ್ಮನ ಮಗಳಿಗೆ ಹೆರಿಗೆ ನೋವು ಶುರುವಾಯಿತು. ಚಿಕ್ಕಮ್ಮ ಕುರ್ಚಿಯಿಂದ ಏಳಲಿಲ್ಲ. ಕಣ್ಣು ಮಾತ್ರ ಬಾಗಿಲಿನ ಕಡೆ ಹೋಗಿ ಹೋಗಿ ಬರುತ್ತಿತ್ತು.

“ಎದ್ದೇಳು ಚಿಕ್ಕಮ್ಮ. ಹೋಗು.”

“ನಿನ್ನ ಚುಕ್ಕೆ?”

“ಅದು ಎಲ್ಲಿಗಾದ್ರೂ ಹೋಗ್ಲಿ. ಅವಳು ಅಮ್ಮ ಬೇಕು ಅಂತಿದ್ದಾಳೆ.”

ಗೈಡ್ ಹಣೆ ಒತ್ತಿಕೊಂಡರು. “ಉಪಕರಣಕ್ಕೆ ರಜೆ ಕೊಡೋ ನಿಯಮವೇ ಇಲ್ವಲ್ಲಮ್ಮ.”

“ದುರಸ್ತಿಗೆ ಕಳಿಸಿದ್ದೀವಿ ಅಂತ ಬರೀರಿ ಸರ್.”

ಮರುದಿನ ಊಟದ ಹೊತ್ತಿಗೆ ಪರೀಕ್ಷಕಿ ಬಂದಾಗ ಚುಕ್ಕೆ ತನ್ನ ಜಾಗದಲ್ಲಿರಲಿಲ್ಲ. ಹುಡುಗಿ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು. ಮಿತಭಾಷಿಯಾದ ಆ ಹಿರಿಯೆ ಖಾಲಿ ಕುರ್ಚಿಯನ್ನು ಒಮ್ಮೆ ಸುತ್ತಿ ಬಂದರು.

“ಚುಕ್ಕೆ ಎಷ್ಟು ಸರಿದಿದೆ ಅಂತ ಅಳೆದು ಅವರ ತೂಕ ಹೇಳು. ನಿನ್ನ ಲೆಕ್ಕ ಸರಿಯಿದ್ರೆ ಅದು ತಾಳೆಯಾಗ್ಬೇಕಲ್ಲ.”

ಅವಳು ಅಳೆದಳು, ಗುಣಿಸಿದಳು, ಭಾಗಿಸಿದಳು. “ಎಪ್ಪತ್ತೊಂದು ಕೆಜಿ, ಮೇಡಂ.”

ಚಿಕ್ಕಮ್ಮನಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

“ಚಿಕ್ಕಮ್ಮ, ನಿನ್ನ ತೂಕ ಎಷ್ಟು?”

“ಅರವತ್ತು.”

“ಚಿಕ್ಕಮ್ಮ.”

“ಅರವತ್ತೆರಡು ಅಂದ್ಕೋ.”

“ಆಸ್ಪತ್ರೇಲಿ ತೂಕದ ಯಂತ್ರ ಇರುತ್ತಲ್ಲ, ಈಗಲೇ ಹತ್ತು. ನನ್ನ ಪದವಿ ಅದರ ಮೇಲೆ ನಿಂತಿದೆ.”

“ಅದರ ಮೇಲೆ ನಾನು ಬೇರೆ ನಿಲ್ಬೇಕಾ,” ಎಂದು ಗೊಣಗುವುದು ಕೇಳಿಸಿತು. ಚಪ್ಪಲಿಯ ಸದ್ದು. ಆಮೇಲೆ ನರ್ಸ್ ದನಿ: “ಎಪ್ಪತ್ನಾಲ್ಕು.”

ಗೈಡ್ ಕಣ್ಣು ಮುಚ್ಚಿದರು. ಪರೀಕ್ಷಕಿ ಪೆನ್ನಿಗೆ ಕ್ಯಾಪು ಹಾಕಿದರು. ಹುಡುಗಿ ಗೋಡೆಯ ಚುಕ್ಕೆಯನ್ನೇ ನೋಡುತ್ತ ನಿಂತಳು. ಅದು ಈವರೆಗೆ ಅವಳಿಗೆ ಸುಳ್ಳು ಹೇಳಿರಲಿಲ್ಲ.

“ಚಿಕ್ಕಮ್ಮ, ಕೈಯಲ್ಲಿ ಬ್ಯಾಗೇನಾದ್ರೂ ಇದ್ಯಾ?”

“ಬ್ಯಾಗು ಯಾಕಿರುತ್ತೆ? ಮೊಮ್ಮಗಳಿದ್ದಾಳೆ. ಬೆಳಿಗ್ಗೆ ಹುಟ್ಟಿದ್ಲು. ಕೆಳಗಿಡು ಅಂತ ಮಾತ್ರ ಹೇಳ್ಬೇಡ, ನಾನಿಡಲ್ಲ.”

ಗೈಡ್ ಕಣ್ಣು ತೆರೆದರು.

“ಮಗು ಎಷ್ಟಿದೆ, ಕೇಳು,” ಎಂದರು ಪರೀಕ್ಷಕಿ, ತಗ್ಗಿದ ದನಿಯಲ್ಲಿ.

“ಮೂರು ಕೆಜಿ. ಗುಂಡು ಗುಂಡಗಿದ್ದಾಳೆ,” ಎಂದಿತು ಫೋನು.

ಪರೀಕ್ಷಕಿ ಪೆನ್ನಿನ ಕ್ಯಾಪು ತೆಗೆದು ರುಜು ಹಾಕಿದರು. ಗೈಡ್ ಹೋಗಿ ಚಿಕ್ಕಮ್ಮನ ಕುರ್ಚಿಯಲ್ಲಿ ಕುಸಿದು ಕೂತರು. ಗೋಡೆಯ ಚುಕ್ಕೆ ಹಳೆಯ ಜಾಗದ ಕಡೆಗೆ ಮೆಲ್ಲಗೆ ಹೊರಟಿತು.

“ಪುಟ್ಟಿ, ಎಲ್ಲ ಸರಿಹೋಯ್ತಾ? ಮುಂದಿನ ತಿಂಗಳು ಇವಳನ್ನೂ ಎತ್ಕೊಂಡು ಬಂದು ಕೂತ್ಕೊಳ್ಲಾ?”

“ಬೇಡ ಚಿಕ್ಕಮ್ಮ,” ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. “ಸೊನ್ನೆ ಬದಲಾಗುತ್ತೆ.”